ಕಾಲ್ಬೆರಳು ನೋಡುವವರು
ಪರ್ರನೆ ಟೇಪು ಹರಿದ ಸದ್ದು ಕೇಳಿದರೆ ಫಿಸಿಯೋ ಅಣ್ಣ ಬಂದರೆಂದೇ ಅರ್ಥ. ಒಂದು ಕಾಲಕ್ಕೆ ದೇಶದ ಪರ ಫುಟ್‌ಬಾಲ್ ಆಡಿದವರು, ಈಗ ಅದೇ ತಂಡದ ಮಂಡಿಗಳನ್ನು ಕಾಯುತ್ತಾರೆ. ಕಾಲು ಮುಟ್ಟುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. "ಅಣ್ಣ ನೆಗಡಿಗೂ ಮಂಡೀನೇ ಒತ್ತೋದು" ಎಂದು ಗೋಲ್‌ಕೀಪರ್ ರೇಗಿಸುತ್ತಾನೆ. ನೋವಿದೆಯೇ ಎಂದು ಕೇಳಿ ಅವರು ನೋಡುವುದು ಮುಖವನ್ನಲ್ಲ, ಕಾಲ್ಬೆರಳುಗಳನ್ನು. ಬಾಯಿ ಸುಳ್ಳು ಹೇಳಿದರೂ ಬೆರಳು ಮುದುರುತ್ತದೆ. ಫೈನಲ್ ದಿನ ನಾಯಕನ ಮಂಡಿ ಒತ್ತಿದರು. "ಏನೂ ನೋವಿಲ್ಲಣ್ಣ" ಎಂದ ಅವನು. ಬೆರಳುಗಳು ಮುದುರಿದವು. "ಇವತ್ತು ನೀನು ಆಡಲ್ಲ ಕಣೋ." "ಒಂದು ಇಂಜೆಕ್ಷನ್ ಕೊಡ್ಸಿ, ಸಾಕು. ನನ್ನ ಜಾಗದಲ್ಲಿ ನೀವಿದ್ದಿದ್ರೆ ಆಡ್ತಿರಲಿಲ್ವಾ?" "ಇಂಜೆಕ್ಷನ್ ತಗೊಂಡೇ ಆಡಿದೆ. ಅದೇ ನನ್ನ ಕೊನೇ ಆಟ." ನಾಯಕ ಇನ್ನೂ ಗೋಗರೆಯುತ್ತಲೇ ಇದ್ದ, ಅಣ್ಣ ಮಡಚಲಾಗದ ಬಲಗಾಲನ್ನು ಎಳೆದುಕೊಂಡು, ಕೋಚ್‌ಗೆ ತಿಳಿಸಲು ಹೊರಟುಬಿಟ್ಟರು.