ಬಾರಿಸದೆ ಬಿಟ್ಟ ಎರಡು ಸುತ್ತು

ಬೆಳಗಿನ ಐದೂವರೆ. ಮೂರನೇ ಮಹಡಿಯ ಪುಟ್ಟ ಮನೆಯ ಹಜಾರದಲ್ಲಿ ಎಪ್ಪತ್ತೊಂದರ ಈ ಜಾಝ್ ಡ್ರಮ್ಮರ್ ಆಗಲೇ ಸ್ಟೂಲಿನ ಮೇಲೆ ಕೂತಿದ್ದಾರೆ. ಡ್ರಮ್ಮಿನ ಮೇಲೊಂದು ಹಳೆಯ ಟವೆಲು, ಕೈಯಲ್ಲಿ ಕೋಲಿನ ಬದಲು ತಂತಿಯ ಕುಂಚ. ಅಕ್ಕಿ ಕೇರಿದಂಥ ಸದ್ದು. ಇದ್ದಕ್ಕಿದ್ದಂತೆ ಎರಡೂ ಕೈಗಳು ಗಾಳಿಯಲ್ಲಿ ನಿಲ್ಲುತ್ತವೆ, ತುಟಿ ಮಾತ್ರ ಎಣಿಸುತ್ತದೆ. ನಾಲ್ಕರ ಎರಡು ಸುತ್ತು, ಒಟ್ಟು ಎಂಟು. ಆಮೇಲೆ ಕುಂಚ ಮತ್ತೆ ಓಡುತ್ತದೆ.

ಟವೆಲು ಯಾಕೆ ಎಂದು ಕೇಳಿದರೆ ನಗುತ್ತಾರೆ. "ಕೆಳಗಿನ ಮನೆ ಮೇಷ್ಟ್ರು ಪೊರಕೆ ಕೋಲಲ್ಲಿ ಸೂರಿಗೆ ಕುಟ್ತಾರೆ. ಕುಟ್ಲಿ ಪಾಪ, ಬೇಜಾರಿಲ್ಲ. ಲಯ ತಪ್ಪಿ ಕುಟ್ತಾರಲ್ಲ, ಅದನ್ನ ತಡ್ಕೊಳ್ಳೋಕಾಗಲ್ಲ!"

ಟೀ ತಂದ ಪತ್ನಿ ಸುಮ್ಮನಿರುವವರಲ್ಲ. "ಊಟಕ್ಕೆ ಕರೆದ್ರೆ ತಟ್ಟೆ ಬಡೀತಾರೆ, ತಟ್ಟೆ ಕಿತ್ಕೊಂಡ್ರೆ ಮೇಜು ಬಡೀತಾರೆ. ನಲವತ್ತಾರು ವರ್ಷದಿಂದ ನೋಡ್ತಿದ್ದೀನಿ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಬಿಡಿ."

ಇವರ ಅಪ್ಪ ಬಸ್ ಮೆಕ್ಯಾನಿಕ್. ಗ್ಯಾರೇಜಿನ ಖಾಲಿ ಬಣ್ಣದ ಡಬ್ಬಿಗಳೇ ಮೊದಲ ಡ್ರಮ್ಮು. ಬೆಳೆದ ಮೇಲೆ ಹಗಲು ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಕೆಲಸ, ಸಂಜೆ ಹೋಟೆಲಿನಲ್ಲಿ ನಾಲ್ಕು ಗಂಟೆ ವಾದನ; ಹೀಗೇ ಮೂವತ್ತು ವರ್ಷ. ಈಗ ಶನಿವಾರ ಸಂಜೆ ಮಾತ್ರ. ಊಟಕ್ಕೆ ಬಂದವರು ಹಾಡುವವರ ಮುಖ ನೋಡುತ್ತಾರೆ, ಹಿಂದೆ ಕೂತವರನ್ನು ಯಾರು ನೋಡಿಯಾರು? ಅದರ ಬಗ್ಗೆ ಅವರಿಗೆ ದೂರಿಲ್ಲ. ಅವರ ಸಂಕಟವೇ ಬೇರೆ.

ಅದು ಸ್ಯಾಕ್ಸೊಫೋನ್ ಊದುತ್ತಿದ್ದ ಗೆಳೆಯನ ಕುರಿತದ್ದು. ಎಲ್ಲರ ಬಾಯಲ್ಲೂ ಆತ 'ಲಂಬು'. ಇಬ್ಬರೂ ಹತ್ತೊಂಬತ್ತನೇ ವಯಸ್ಸಿನಿಂದ ಜೋಡೆತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಲಂಬುವಿನ ತಾಯಿ ತೀರಿಕೊಂಡ ವರ್ಷ, ತಾಯಿಗೆಂದೇ ಆತ ಕಟ್ಟಿದ ಒಂದು ರಾಗವನ್ನು ಧ್ವನಿಮುದ್ರಿಸಲು ಹೋದರು. ಸ್ಟುಡಿಯೊ ಸಿಕ್ಕಿದ್ದು ಒಂದೇ ಮಧ್ಯಾಹ್ನಕ್ಕೆ. ಚೆನ್ನಾಗಿ ನುಡಿಸುತ್ತಿದ್ದ ಲಂಬು ನಡುವೆ ಹಠಾತ್ತನೆ ನಿಲ್ಲಿಸಿದ. ಜಾಝ್ ಅಂದರೆ ಹಾಗೇ, ಮುಂದೇನೆಂದು ಯಾರೂ ಹೇಳಿಟ್ಟಿರುವುದಿಲ್ಲ.

"ಅಳು ಬಂದು ಉಸಿರು ಕಟ್ಟಿರ್ಬೇಕು, ಕಾಪಾಡೋಣ ಅಂತ ನಾನು ಡ್ರಮ್ಮು ಸಿಂಬಲ್ಲು ಎಲ್ಲಾ ಬಾರಿಸಿ ಆ ಎರಡು ಸುತ್ತಿನ ಜಾಗ ತುಂಬಿಬಿಟ್ಟೆ. ಅವನು ಬಯ್ಲಿಲ್ಲ. ವಾದ್ಯ ಪೆಟ್ಟಿಗೇಲಿಟ್ಟ. 'ಬೇಕಂತ್ಲೇ ಖಾಲಿ ಬಿಟ್ಟಿದ್ದೆ, ಅಲ್ಲಿ ನಮ್ಮಮ್ಮ ಇದ್ಲು ಕಣೋ' ಅಂದ. ಎದ್ದು ಹೋದ."

ಲಂಬು ಮತ್ತೆ ಇವರ ಜೊತೆ ನುಡಿಸಲೇ ಇಲ್ಲ. ಇರುವುದು ಇದೇ ಊರಿನಲ್ಲಿ, ಎರಡು ಬಸ್ ಬದಲಿಸಿದರೆ ಸಿಗುವ ಬಡಾವಣೆಯಲ್ಲಿ. ಇವರು ಮೂರು ಸಲ ಆತನ ಗೇಟಿನವರೆಗೆ ಹೋಗಿ ವಾಪಸಾಗಿದ್ದಾರೆ. ದಿನಾ ಬೆಳಗ್ಗೆ ಆ ರಾಗವನ್ನು ಮನಸ್ಸಿನಲ್ಲೇ ಕೇಳುತ್ತಾ ಬಾರಿಸುತ್ತಾರೆ, ಆ ಎರಡು ಸುತ್ತು ಬಂದಾಗ ಕೈ ಎತ್ತಿ ಹಿಡಿಯುತ್ತಾರೆ.

ಕಳೆದ ತಿಂಗಳು ಲಂಬುವಿನ ಮಗಳು ಫೋನ್ ಮಾಡಿದಳು. "ಅಪ್ಪಂದು ಶ್ವಾಸಕೋಶ ಸೋತಿದೆ ಅಂಕಲ್, ಇನ್ನು ಊದೋಕಾಗಲ್ಲ. ಶನಿವಾರ ನೀವು ಈಗ್ಲೂ ನುಡಿಸ್ತೀರಾ ಅಂತ ಕೇಳ್ತಿದ್ರು."

ಅಂದಿನಿಂದ ಹೋಟೆಲಿನಲ್ಲಿ ಡ್ರಮ್ಮಿನ ಪಕ್ಕ ಒಂದು ಕುರ್ಚಿ ಹಾಕಿಸುತ್ತಿದ್ದಾರೆ. ನಾಲ್ಕು ಶನಿವಾರ ಕಳೆದಿವೆ, ಕುರ್ಚಿ ಖಾಲಿ. ಬಂದರೂ ಊದಲಾಗದವನು ಏನು ಮಾಡಿಯಾನು ಎಂದು ನಾನು ಬಾಯಿತಪ್ಪಿ ಕೇಳಿಬಿಟ್ಟೆ.

ಅವರು ಟವೆಲಿನ ಸುಕ್ಕು ಸರಿಮಾಡಿದರು.

"ಊದೋದು ಬೇಡ, ಪಕ್ಕದಲ್ಲಿ ಕೂತ್ಕೊಳ್ಲಿ. ಆ ಜಾಗದವರೆಗೂ ನಾನೇ ಕರ್ಕೊಂಡ್ಹೋಗ್ತೀನಿ. ಅಲ್ಲಿ ಅವನು ಸುಮ್ನಿರ್ತಾನೆ. ಈ ಸಲ ನಾನೂ ಸುಮ್ನಿರ್ತೀನಿ."