ಸೀಸದ ಹಾಳೆಯಲ್ಲಿ ಹೊಟ್ಟೆನೋವಿನ ಮದ್ದು

ಗೆಳೆಯರೇ, ಓಲ್ಡ್ ಟೌನಿನ ಪಂಡಿತರ ಅಂಗಡಿಯಲ್ಲಿ ಈಗಷ್ಟೇ ಸೋತು ಬಂದು ಇದನ್ನು ನಮ್ಮ ಕಾರ್ಖಾನೆ ಕ್ಲಬ್ಬಿನ ಸೂಚನಾ ಹಲಗೆಗೆ ಅಂಟಿಸುತ್ತಿದ್ದೇನೆ. ಅಮ್ಮನ ಹೊಟ್ಟೆನೋವಿಗೆ ಅವರು ನೆಲ್ಲಿಕಾಯಿ ಲೇಹ್ಯ ಕೊಡುತ್ತಾರೆ. ಕಟ್ಟಿಕೊಡುವುದು ಟೀಪುಡಿ ತುಂಬಿ ಬರುವ ಮರದ ಪೆಟ್ಟಿಗೆಯೊಳಗೆ ಹಾಸಿರುವ ತೆಳು ಸೀಸದ ಹಾಳೆಯಲ್ಲಿ. ಊರಿಗೆಲ್ಲ ಅದು ಬೆಳ್ಳಿ ಕಾಗದ. ಮದ್ದು ವ್ಯರ್ಥವಾಗಬಾರದೆಂದು ಅಮ್ಮ ಹಾಳೆಯನ್ನೂ ನೆಕ್ಕುತ್ತಾಳೆ.

ಕಾರ್ಖಾನೆಯಲ್ಲಿ ದಿನವಿಡೀ ಲೋಹ ಪರೀಕ್ಷಿಸುವವನು ನಾನು. ಇವತ್ತು ಅಮ್ಮನನ್ನೂ ಕರೆದುಕೊಂಡು ಹೋಗಿ, ಆ ಹಾಳೆಯನ್ನು ಪಂಡಿತರೆದುರು ಕಾಗದದ ಮೇಲೆ ಗೀಚಿ ತೋರಿಸಿದೆ. ಪೆನ್ಸಿಲಿನಂತೆ ಕಪ್ಪು ಗೆರೆ ಬಿತ್ತು.

“ಇದು ಸೀಸ, ಪಂಡಿತರೇ. ಹುಳಿ ತಾಗಿದ್ರೆ ಮದ್ದಿಗೆ ಇಳಿಯುತ್ತೆ. ವಿಷ ಇದು. ಹೊಟ್ಟೆನೋವು ಬರೋದೇ ಇದ್ರಿಂದ.”

ಪಂಡಿತರು ಸ್ವಲ್ಪವೂ ಅಲುಗಾಡಲಿಲ್ಲ. “ಬರ್ಲಿ ಬಿಡಿ ಮಾರಾಯ್ರೇ. ಒಳಗಿರೋದು ಹೊಟ್ಟೆನೋವಿನ ಮದ್ದೇ ಅಲ್ವಾ?”

ನಾನು ಬಿಡಲಿಲ್ಲ. ಕೊನೆಗೆ ಅವರು ಗೊಣಗುತ್ತಲೇ ಲೇಹ್ಯವನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟರು. ಗೆದ್ದೆ ಅಂದುಕೊಂಡೆ. ಅಮ್ಮ ಪೊಟ್ಟಣ ನೋಡಿ ಮುಖ ಸಿಂಡರಿಸಿದಳು.

“ಮೂರು ತಿಂಗಳಿಂದ ಬೆಳ್ಳಿ ಕಾಗದದ್ದು ತಗೊಂಡ್ರೇ ನೋವು ಹೋಗಿಲ್ಲ. ಇನ್ನು ಎಲೇಲಿ ಕಟ್ಟಿದ್ದಕ್ಕೆ ಹೋಗುತ್ತಾ?”

ಪಂಡಿತರು ನನ್ನ ಕಡೆ ನೋಡದೆ ಎಲೆ ಬಿಚ್ಚಿ, ಲೇಹ್ಯವನ್ನು ಮತ್ತೆ ಸೀಸದ ಹಾಳೆಗೇ ಹಾಕಿದರು. ನೋವು ಹಳೆಯದೆಂದು ಈ ಸಲ ಎರಡು ಸುತ್ತು ಸುತ್ತಿದರು.

ಕಾಯಿಲೆಯನ್ನೂ ಅದರ ಮದ್ದನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಡುವ ಇಂಥ ಅನುಕೂಲ ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲೂ ಇಲ್ಲ.