ಅಳಿಸಲಾಗದ ಪುಟಕ್ಕೆ ನನ್ನನ್ನು ಕರೆತಂದ ಚಾಚಾ

ಚಾಚಾ ಅವರ ಬಲಗೈಯ ತೋರುಬೆರಳು ಮೊದಲ ಗೆಣ್ಣಿನವರೆಗೆ ಮಾತ್ರ ಇತ್ತು. ಹಾಗಾಗಿ ಮೊಬೈಲಿನಲ್ಲಿ ಟೈಪು ಮಾಡುವಾಗ ನಡುಬೆರಳನ್ನು ಮುಂದೆ ಮಾಡಿ, ಕೋಳಿ ಕಾಳು ಹೆಕ್ಕುವ ಹಾಗೆ ಒಂದೊಂದೇ ಅಕ್ಷರ ಕುಕ್ಕುತ್ತಿದ್ದರು. ಉಗುರುಗಳ ಸುತ್ತ ಮಿಷನ್ ಎಣ್ಣೆಯ ಕಪ್ಪು ಗೆರೆ, ಎಷ್ಟು ಸೋಪು ಹಾಕಿದರೂ ಹೋಗದ್ದು. ಹರಿಹರದಿಂದ ದಾವಣಗೆರೆಗೆ ಬರುವ ಬೆಳಗಿನ ಬಸ್ಸಿನಲ್ಲಿ ಅವರು ಕಿಟಕಿ ಪಕ್ಕ ಕೂತು ಹೀಗೆ ಕುಕ್ಕುವುದನ್ನು ನಾನು ಎರಡು ತಿಂಗಳು ಸುಮ್ಮನೆ ನೋಡಿದ್ದೆ.

ಅವರು ಮಂಡಿಪೇಟೆಯ ಗಲ್ಲಿಯೊಂದರಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದರು. ನಾನು ದಾವಣಗೆರೆಯ ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುವವಳು. ಇಬ್ಬರ ಮನೆಯೂ ಹರಿಹರದಲ್ಲೇ. ಬಸ್ಸಿನವರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಒಂದು ದಿನ ತಡೆಯಲಾರದೆ ಕೇಳಿದೆ, "ದಿನಾ ಯಾರಿಗೆ ಚಾಚಾ ಇಷ್ಟುದ್ದ ಮೆಸೇಜು?"

"ಮೆಸೇಜಲ್ಲ ಟೀಚರ್, ಬ್ಲಾಗು" ಎಂದು ಮೊಬೈಲನ್ನು ನನ್ನ ಕಡೆ ತಿರುಗಿಸಿದರು.

ಹಳೆಯ ಕೈಮಿಷನ್ನಿನಲ್ಲಿ ದಾರ ಯಾಕೆ ಪದೇ ಪದೇ ಕಡಿಯುತ್ತದೆ ಎಂದು ಕನ್ನಡದಲ್ಲಿ ಬರೆದಿದ್ದರು. ಅವರು ಮಾತಾಡುವ ಹಾಗೇ ಇತ್ತು ಬರವಣಿಗೆ. ಕೆಳಗೆ ಹತ್ತಾರು ಕಾಮೆಂಟು, ಒಂದೂ ಕನ್ನಡದ್ದಲ್ಲ. ನೈಜೀರಿಯಾದ ದರ್ಜಿಯೊಬ್ಬ ತನ್ನ ಮಿಷನ್ನಿನ ಫೋಟೋ ಹಾಕಿ ಡೌಟು ಕೇಳಿದ್ದ. ವೆನೆಜುವೆಲಾದ ಅಜ್ಜಿಯೊಬ್ಬರು ಇವರ ಆರೋಗ್ಯ ವಿಚಾರಿಸಿದ್ದರು.

"ಇವರಿಗೆಲ್ಲ ಕನ್ನಡ ಹೆಂಗೆ ತಿಳಿಯುತ್ತೆ?"

"ಭಾಷೆ ತಿರುಗಿಸೋ ಮಿಷನ್ನು ಮೊಬೈಲಲ್ಲೇ ಐತಲ್ರಿ. ನನ್ನ ಕೆಲಸ ಬರೆಯೋದು, ತಿರುಗಿಸ್ಕೊಳ್ಳೋದು ಅವರ ಕೆಲಸ."

ಆ ಅಜ್ಜಿಯ ಕಥೆಯನ್ನು ಬಸ್ಸು ದಾವಣಗೆರೆ ಮುಟ್ಟುವುದರೊಳಗೆ ಹೇಳಿ ಮುಗಿಸಿದರು. ಆವರಗೆರೆಯ ಹೆಣ್ಣುಮಗಳೊಬ್ಬಳು ತನ್ನ ತಾಯಿ ಹೊಲಿಯುತ್ತಿದ್ದ ಮಿಷನ್ ರಿಪೇರಿಗೆ ತಂದಿದ್ದಳಂತೆ. ಒಳಗಿನ ಒಂದು ಸಣ್ಣ ಕೊಂಡಿ ಮುರಿದಿತ್ತು. ಅಂಥದ್ದು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಗಿರಾಕಿಯೊಬ್ಬರು ಅದರ ಫೋಟೋ ತೆಗೆದು, ಒಬ್ಬ ಮಾಲೀಕನಿಲ್ಲದೆ ಹಲವು ಊರಿನ ಕಂಪ್ಯೂಟರುಗಳು ಸೇರಿ ನಡೆಸುವ, ತಾವು ಬರೆಯುತ್ತಿದ್ದ ಬ್ಲಾಕ್‌ಚೈನ್ ಬ್ಲಾಗಿನಲ್ಲಿ ಹಾಕಿದರು. ಮೂರನೇ ದಿನಕ್ಕೆ ಆ ಅಜ್ಜಿ ತಮ್ಮ ಮನೆಯಲ್ಲಿದ್ದ ಅದೇ ಮಾದರಿಯ ಮಿಷನ್ ಬಿಚ್ಚಿ, ಕೊಂಡಿಯನ್ನು ಅಳತೆಪಟ್ಟಿಯ ಪಕ್ಕ ಇಟ್ಟು ಫೋಟೋ ಕಳಿಸಿದ್ದರು. ಚಾಚಾ ಆ ಅಳತೆಗೆ ಹರಿಹರದ ಲೇತ್ ಅಂಗಡಿಯಲ್ಲಿ ಹೊಸದೊಂದು ಮಾಡಿಸಿದರು.

"ಮಿಷನ್ ಓಡ್ತು. ಆ ಹೆಣ್ಮಗಳು ಅಂಗಡ್ಯಾಗೇ ಕೂತು ಅತ್ತಳು. ಅವತ್ತೇ ನಾನೂ ಸೇರ್ಕೊಂಡೆ" ಎಂದರು.

ನನ್ನಲ್ಲೂ ಬರೆಯುವ ಆಸೆ ಇತ್ತು. ನೋಟುಬುಕ್ಕುಗಳಲ್ಲಿ ಬರೆದು ಬೀರುವಿನಲ್ಲಿ ಇಟ್ಟಿದ್ದೆ, ಯಾರಿಗೂ ತೋರಿಸಿರಲಿಲ್ಲ. ಅದನ್ನು ಚಾಚಾ ಅವರಿಗೆ ಯಾಕೆ ಹೇಳಿದೆನೋ ಗೊತ್ತಿಲ್ಲ. "ಶನಿವಾರ ಸ್ಕೂಲು ಅರ್ಧ ದಿನ ಅಲ್ಲೇನ್ರಿ? ಅಂಗಡಿಗೆ ಬರ್ರಿ, ಖಾತೆ ಮಾಡ್ಕೊಡ್ತೀನಿ" ಎಂದುಬಿಟ್ಟರು.

ಆ ಶನಿವಾರ ಮೊಬೈಲಿನ ಪರದೆಯ ಮೇಲೆ ಐವತ್ತಕ್ಕೂ ಹೆಚ್ಚು ಅಕ್ಷರಗಳ ಪಾಸ್‌ವರ್ಡ್ ಮೂಡಿತು. ಓದಿದರೆ ನಾಲಿಗೆ ತೊಡರುವಂಥದ್ದು. ಚಾಚಾ ಒಂದು ಹಾಳೆ, ಪೆನ್ನು ಕೊಟ್ಟು ಗೋಡೆಯ ಕಡೆ ತಿರುಗಿ ಕೂತರು.

"ಬರ್ಕೊಳ್ರಿ. ನನಗೂ ತೋರಿಸಬ್ಯಾಡ್ರಿ. ಇದು ಕಳೆದ್ರೆ ಹೋಗಿ ಕೇಳೋಕೆ ಅಲ್ಲಿ ಮ್ಯಾನೇಜರ್ ಇಲ್ಲ, ಮಾಲೀಕ ಇಲ್ಲ. ಯಾರೂ ಹೊಸದು ಕೊಡಲ್ಲ."

ನಾನು ಬರೆದೆ. ಗೋಡೆ ನೋಡುತ್ತಲೇ ಕೇಳಿದರು, "ಎಷ್ಟು ಅಕ್ಷರ ಆದ್ವು?" ಪರದೆಯ ಮೇಲಿನದನ್ನೂ ಹಾಳೆಯ ಮೇಲಿನದನ್ನೂ ಎಣಿಸಿದೆ. ಹಾಳೆಯಲ್ಲಿ ಒಂದು ಕಡಿಮೆ. "ಮತ್ತೆ ಬರೀರಿ." ಮೂರನೇ ಸಲಕ್ಕೆ ಸರಿಹೋಯಿತು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕಾಪಿ ಬರೆಸುವ ನಾನು ಆವತ್ತು ಅವರ ಮುಂದೆ ಒಂದನೇ ಕ್ಲಾಸಿನವಳಾಗಿದ್ದೆ.

ಹೊಸಬರು ಅಲ್ಲಿ ಮೊದಲು ಪರಿಚಯದ ಪೋಸ್ಟು ಹಾಕಬೇಕು. ಹೆಸರು ಬರೆದ ಕಾಗದ ಹಿಡಿದು ಫೋಟೋ ತೆಗೆಸಿಕೊಂಡರೆ ನಿಜವಾದ ಮನುಷ್ಯರೆಂದು ಓದುಗರು ನಂಬುತ್ತಾರೆ. ಚಾಚಾ ನನ್ನನ್ನು ಅಂಗಡಿಯ ಮುಂದೆ ನಿಲ್ಲಿಸಿದರು. ಕೈಯಲ್ಲಿ ಹೆಸರಿನ ಕಾಗದ ಹಿಡಿದು ನಿಂತ ನನ್ನನ್ನು ಕಂಡು ಮೂಟೆ ಹೊತ್ತು ಹೋಗುತ್ತಿದ್ದ ಹಮಾಲರು ಇಬ್ಬರು ನಿಂತರು. "ಏನ್ ಚಾಚಾ, ಮೇಡಂನ ಪೊಲೀಸ್ರು ಹಿಡಿದಂಗೈತಲ್ಲ?" ಎಂದ ಒಬ್ಬ. ನನಗೆ ನಗು ತಡೆಯಲಾಗಲಿಲ್ಲ. ಆ ನಗುವಿನ ಫೋಟೋವನ್ನೇ ಚಾಚಾ ಆರಿಸಿದರು.

ಪರಿಚಯಕ್ಕೆ ಸಿಕ್ಕ ಸ್ವಾಗತ ಕಂಡು ನನ್ನ ತಲೆ ತಿರುಗಿತು. ಓದುಗರು ಮೆಚ್ಚಿದರೆ ಅಲ್ಲಿ ಟೋಕನ್ ಎಂಬ ಡಿಜಿಟಲ್ ಹಣ ಕೂಡ ಬರುತ್ತದೆ, ಆದರೆ ನನಗೆ ಹತ್ತಿದ್ದು ಕಾಮೆಂಟಿನ ಆಸೆ. ಎರಡನೆಯ ಪೋಸ್ಟು ಅದಕ್ಕಿಂತ ದೊಡ್ಡದಾಗಿರಬೇಕು ಎನ್ನಿಸಿತು. ಹರಿಹರದ ಗುಡಿಯ ಇತಿಹಾಸ ಬರೆಯಲು ಕೂತೆ. ಶಾಲೆಯಲ್ಲಿ ಪರೀಕ್ಷೆಯ ಕಾಲ, ಪುರುಸೊತ್ತಿಲ್ಲ. ಯಾವುದೋ ಜಾಲತಾಣದಿಂದ ಎರಡು ಪ್ಯಾರಾ ಎತ್ತಿ, ನಾಲ್ಕು ಪದ ಆಚೀಚೆ ಮಾಡಿ ಹಾಕಿಬಿಟ್ಟೆ.

ಮರುದಿನ ಕೆಳಗೆ ಒಂದು ಕಾಮೆಂಟು ಬಂದಿತ್ತು. ನಕಲು ಪತ್ತೆ ಮಾಡುವ ಓದುಗರೊಬ್ಬರು ಮೂಲ ಬರಹದ ಲಿಂಕು ಕೊಟ್ಟು, ಈ ಎರಡು ಪ್ಯಾರಾ ಇಲ್ಲಿಯವೇ ಎಂದು ವಿನಯದಿಂದ ಕೇಳಿದ್ದರು. ಅದೇ ವಾರ ಪ್ರಬಂಧ ನಕಲು ಮಾಡಿದ ಮೂವರು ಮಕ್ಕಳಿಗೆ ನಾನು ಸೊನ್ನೆ ಹಾಕಿದ್ದೆ.

ಬಸ್ಸಿನಲ್ಲಿ ಚಾಚಾ ಪಕ್ಕ ಕೂತು ಮೆಲ್ಲಗೆ ಹೇಳಿದೆ. "ಅದನ್ನ ಅಳಿಸಿಬಿಡ್ತೀನಿ ಚಾಚಾ."

"ಬದಲಾಯಿಸಬಹುದು. ಆದ್ರೆ ಮೊದಲು ಏನಿತ್ತು ಅನ್ನೋದು ಉಳೀತೈತೆ. ಊರೂರಿನ ಕಂಪ್ಯೂಟರಿನಾಗೆ ಅದರ ಪ್ರತಿ ಐತೆ" ಎಂದರು. ಆಮೇಲೆ ತಮ್ಮ ಅಂಗಿಯ ತೋಳಿನ ಹೊಲಿಗೆ ತೋರಿಸಿ, "ಹೊಲಿಗೆ ಬಿಚ್ಚಬಹುದು ಟೀಚರ್. ಸೂಜಿ ಹೋದ ತೂತು ಹೋಗಲ್ಲ" ಎಂದರು.

"ಹಂಗಾದ್ರೆ ಬೇರೆ ಹೆಸರಲ್ಲಿ ಹೊಸ ಖಾತೆ ಮಾಡ್ಲಾ?"

"ಯಾಕ? ಈ ಹೆಸರಿಗೆ ಏನಾಗೈತೆ? ತಪ್ಪು ಮಾಡಿದೋಳು ನೀವು, ಹೆಸರನ್ನ ಯಾಕ ಬೀದಿಗೆ ಬಿಡ್ತೀರಿ? ಅದರ ಕೆಳಗೇ ಬರೀರಿ, ಹಿಂಗಾತು ಅಂತ. ತೂತು ಕಂಡ್ರೆ ಕಾಣ್ಲಿ."

ಶಾಲೆ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಕೂತು ಬರೆದೆ. ನಾನು ಟೀಚರ್, ಈ ಎರಡು ಪ್ಯಾರಾ ನನ್ನದಲ್ಲ, ಮಕ್ಕಳಿಗೆ ಸೊನ್ನೆ ಹಾಕಿದ ವಾರವೇ ನಾನು ಇದನ್ನು ಮಾಡಿದೆ. ಆ ಗುಡಿಯ ಬಗ್ಗೆ ನನಗೆ ನಿಜವಾಗಿ ಗೊತ್ತಿದ್ದದ್ದನ್ನೂ ಬರೆದೆ: ಬೇಸಿಗೆಯಲ್ಲಿ ಅದರ ಕಲ್ಲಿನ ಕಂಬಕ್ಕೆ ಕೆನ್ನೆ ಒತ್ತಿ ತಂಪು ಮಾಡಿಕೊಳ್ಳುತ್ತಿದ್ದ ನನ್ನ ಬಾಲ್ಯ. ತಪ್ಪು ಹಿಡಿದ ಓದುಗರೇ ಮೊದಲು ಬಂದು, ಈ ಕಂಬದ ಮಾತನ್ನು ಬೇರೆ ಎಲ್ಲೂ ಓದಿರಲಿಲ್ಲ ಎಂದು ಬರೆದರು.

ಧೈರ್ಯ ಬಂದು ತರಗತಿಯಲ್ಲೂ ಹೇಳಿದೆ. ಸೊನ್ನೆ ತೆಗೆದುಕೊಂಡಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಮತ್ತೆ ನಿಮಗೆ ಎಷ್ಟು ಮಾರ್ಕ್ಸ್ ಮೇಡಂ?" ಎಂದು ಕೇಳಿದಳು. ಬೋರ್ಡಿನ ಮೇಲೆ ನನ್ನ ಹೆಸರು ಬರೆದು ಪಕ್ಕದಲ್ಲಿ ದೊಡ್ಡ ಸೊನ್ನೆ ಹಾಕಿದೆ. ಇಡೀ ತರಗತಿ ಚಪ್ಪಾಳೆ ತಟ್ಟಿತು. ಇದನ್ನು ಕೇಳಿದ ಚಾಚಾ ಬಸ್ಸಿನಲ್ಲಿ ಎಷ್ಟು ನಕ್ಕರೆಂದರೆ ಕಂಡಕ್ಟರ್ ಹಿಂದೆ ತಿರುಗಿ ನೋಡಿದ. ಆ ಸಂಜೆ ನನಗೆ ಮಂಡಕ್ಕಿ ಮಿರ್ಚಿ ಕೊಡಿಸಿದರು. "ಸೊನ್ನೆ ತಗೊಂಡಿದ್ದಕ್ಕೆ" ಎಂದರು.

ಅಲ್ಲಿಂದ ಮೂರು ವರ್ಷ ನಾನು ವಾರಕ್ಕೊಂದು ಬರೆದೆ. ಹಾಕುವ ಮೊದಲು ಚಾಚಾ ಬಸ್ಸಿನಲ್ಲಿ ಓದುತ್ತಿದ್ದರು. ಸರಿಯಿಲ್ಲದ ಕಡೆ "ಇಲ್ಲಿ ದಾರ ಸಡಿಲ ಐತೆ" ಎನ್ನುವರು. ಅಷ್ಟು ಹೇಳಿದರೆ ನನಗೆ ತಿಳಿಯುತ್ತಿತ್ತು.

ಕಳೆದ ವರ್ಷ ಚಾಚಾ ತೀರಿಕೊಂಡರು. ಹೆಚ್ಚು ದಿನ ಮಲಗಲಿಲ್ಲ, ಹಿಂದಿನ ವಾರದವರೆಗೂ ಅಂಗಡಿ ತೆಗೆದಿದ್ದರು. ಸುದ್ದಿಯನ್ನು ನಾನೇ ನನ್ನ ಬ್ಲಾಗಿನಲ್ಲಿ ಬರೆದೆ. ಅದಕ್ಕೆ ಬಂದ ಉತ್ತರಗಳನ್ನು ಕಂಡು ಗಲಿಬಿಲಿಯಾಯಿತು. ಎಲ್ಲೆಲ್ಲಿಯವರೋ, ಬೇರೆ ಬೇರೆ ಭಾಷೆಯವರು, ತಮ್ಮ ಮಾತಿನ ಮೊದಲಿಗೆ ಕನ್ನಡ ಅಕ್ಷರಗಳಲ್ಲೇ "ಬರ್ರಿ, ಕೂಡ್ರಿ" ಎಂದು ಹಾಕಿದ್ದರು.

ನೈಜೀರಿಯಾದ ದರ್ಜಿಯನ್ನು ಕೇಳಿದೆ. ಆತ ಬರೆದ: ನಾನು ಇಲ್ಲಿಗೆ ಹೊಸಬನಾಗಿ ಬಂದಾಗ ನನ್ನ ಮೊದಲ ಪೋಸ್ಟನ್ನು ಎರಡು ದಿನ ಯಾರೂ ನೋಡಲಿಲ್ಲ. ಬಿಟ್ಟುಹೋಗಬೇಕು ಅಂದುಕೊಂಡಿದ್ದೆ. ಆಗ ಈ ಎರಡು ಪದ ಬಂದವು. ಅರ್ಥ ಹುಡುಕಿ ನೋಡಿದೆ. ಉಳಿದುಕೊಂಡೆ.

ಆಮೇಲೆ ಚಾಚಾ ಅವರ ಖಾತೆಯಲ್ಲಿ ಹಳೆಯ ಕಾಮೆಂಟುಗಳನ್ನು ತೆಗೆದು ನೋಡಿದೆ. ಯಾರೂ ಮಾತಾಡಿಸದ ಹೊಸಬರ ಪೋಸ್ಟುಗಳನ್ನು ದಿನವೂ ಹುಡುಕಿ ಹೋಗಿದ್ದರು. ಪ್ರತಿಯೊಂದರ ಕೆಳಗೂ ಅದೇ ಎರಡು ಪದ. ಮೂರು ವರ್ಷ ಪಕ್ಕದಲ್ಲೇ ಕೂತಿದ್ದ ನನಗೆ ಒಮ್ಮೆಯೂ ಹೇಳಿರಲಿಲ್ಲ.

ಭಾನುವಾರ ಹರಿಹರದ ಅವರ ಮನೆಗೆ ಹೋಗಿ ಅವರ ಹೆಂಡತಿ ಚಾಚಿಗೆ ಎಲ್ಲವನ್ನೂ ಓದಿ ಹೇಳಿದೆ. ಅವರು ಸೆರಗು ಸರಿಮಾಡಿಕೊಳ್ಳುತ್ತ ಕೇಳಿದರು. ಕಣ್ಣು ತುಂಬಿದ್ದವು, ಆದರೆ ಮುಖದಲ್ಲಿ ನಗು ಇತ್ತು.

"ಎಷ್ಟು ಜನ ಆದ್ರಮ್ಮ?"

"ಗೊತ್ತಿಲ್ಲ ಚಾಚಿ. ಇನ್ನೂ ಬರ್ತಾನೇ ಇದಾರೆ."

"ಬರ್ಲಿ" ಎಂದು ಚಾಚಿ ಚಹಾಕ್ಕೆ ನೀರಿಡಲು ಎದ್ದರು.